ಪೆನ್ಸಿಲ್‌ನಲ್ಲಿ ಬರೆದ ಕರಾವಳಿ

ಜಪಮಣಿ ಅಡ್ಡ ಬರುತ್ತಿತ್ತು. ಏವಿತ್ಸಾ ಎಡಗೈಯಿಂದ ಗಂಡನ ಕೋಟಿನ ತೋಳನ್ನು ಎತ್ತಿ ಹಿಡಿದು, ಬಲಗೈಯಿಂದ ನೋಟ್‌ಬುಕ್ಕನ್ನು ಅವನ ಅಂಗೈಗಳ ಕೆಳಗೆ ತಳ್ಳುತ್ತಿದ್ದಳು. ಬದುಕಿದ್ದಾಗ ಯಾವುದಕ್ಕೂ ಎದುರಾಡದ ವಿಂಕೊನ ಬೆರಳುಗಳು ಈಗ ಹಠ ಹಿಡಿದಿದ್ದವು.

"ಜೇಬಿಗೆ ತುರುಕಬಾರದೇನೇ?" ಎಂದಳು ಮಾಂಡಾ. ಅವಳು ವಿಂಕೊನ ಅಕ್ಕ. ಶವಪೆಟ್ಟಿಗೆಯ ತಲೆಯ ಕಡೆ ಕುರ್ಚಿ ಹಾಕಿಕೊಂಡು, ಬೆಳಿಗ್ಗೆಯಿಂದ ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡುತ್ತ ಕೂತಿದ್ದಳು.

"ಜೇಬಿಗೆ ಹಿಡಿಯಲ್ಲ ಅತ್ತಿಗೆ. ದಪ್ಪ ಇದೆ."

"ಇರೋವಾಗಲೇ ಹೋಗದವನು, ಈಗ ಎಲ್ಲಿಗೆ ಹೋಗ್ತಾನೆ ಅದನ್ನಿಟ್ಕೊಂಡು?"

"ನಾವಂತೂ ಹೋಗಲಿಲ್ಲ. ಪುಸ್ತಕನಾದ್ರೂ ಅವರ ಜೊತೆ ಹೋಗಲಿ."

ಕೊನೆಗೆ ನೋಟ್‌ಬುಕ್ಕು ಒಳಗೆ ಸರಿಯಿತು. ನೀಲಿ ರಟ್ಟಿನ ಮೇಲೆ ಅವಳ ದುಂಡು ಅಕ್ಷರದಲ್ಲಿ 'ಸಮುದ್ರ, ಇಬ್ಬರಿಗೆ' ಎಂದಿತ್ತು. ವಿಂಕೊನ ಹೆಬ್ಬೆರಳು 'ಇಬ್ಬರಿಗೆ' ಎಂಬುದರ ಮೇಲೆಯೇ ಬಂದು ಕೂತಿತು. ಅದನ್ನು ಕಂಡು ಏವಿತ್ಸಾಗೆ ಮೂರು ದಿನದಲ್ಲಿ ಮೊದಲ ಸಲ ಅಳು ಬಂತು. ಸಂತೆಯಲ್ಲಿ ಈರುಳ್ಳಿ ಸಸಿ ಕೊಳ್ಳುತ್ತ ನಿಂತವನು ನಿಂತಲ್ಲೇ ಕುಸಿದಿದ್ದ. ಎಪ್ಪತ್ತೊಂದು ವರ್ಷ. ಒಳ್ಳೆಯ ಸಾವು ಎಂದು ಎಲ್ಲರೂ ಹೇಳಿದ್ದರು, ಅವಳೂ ಹೌದೆಂದಿದ್ದಳು.

ಮಾಂಡಾ ಕುರ್ಚಿಯಲ್ಲಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿದಳು. ತೊಡೆಯ ಕೆಳಗಿನಿಂದ ಮಡಿಸಿದ ಪತ್ರಿಕೆಯೊಂದನ್ನು ಎಳೆದಳು.

"ನೋಡು, ನಾನು ತೋರಿಸ್ಬಾರ್ದು ಅಂತಲೇ ಇದ್ದೆ. ಆದ್ರೆ ಊರೆಲ್ಲ ಓದಿ ಆಗಿದೆ. ಬಾಗಿಲಲ್ಲಿ ನಿಂತಿರೋ ಅಷ್ಟೂ ಜನ ಅದನ್ನೇ ಗುಸುಗುಸು ಅಂತಿರೋದು. ಯಾರೋ ಹೇಳೋಕ್ಕಿಂತ ನಾನೇ ಹೇಳೋದು ವಾಸಿ."

ಶ್ರದ್ಧಾಂಜಲಿಗಳ ಪುಟ. ಮನೆಯವರು ಕೊಟ್ಟ ಪ್ರಕಟಣೆ ಮೇಲಿತ್ತು, ವಿಂಕೊನ ಹಳೆಯ ಫೋಟೊದೊಂದಿಗೆ. ಅದರ ಕೆಳಗೆ ಬೇರೆಯವರು ಕೊಡುವ 'ಕೊನೆಯ ನಮಸ್ಕಾರ'ಗಳು. ಪೀಠೋಪಕರಣ ಕಾರ್ಖಾನೆಯ ಹಳೆಯ ಗೆಳೆಯರದೊಂದು, ಪಕ್ಕದ ಮನೆಯವರದೊಂದು. ಮೂರನೆಯದು ಹೀಗಿತ್ತು:

'ಇಪ್ಪತ್ತೆರಡು ಸೆಪ್ಟೆಂಬರುಗಳ ನಮ್ಮ ವಿಂಕೊನಿಗೆ. ಸಮುದ್ರದ ಕಡೆಯ ಕೋಣೆ ನಿನ್ನದೇ. ಪೆರಿನಾ, ಲಾಸ್ಟೊವೊ ದ್ವೀಪ.'

ಏವಿತ್ಸಾ ಎರಡು ಸಲ ಓದಿದಳು. "ಬೇರೆ ಯಾರೋ ವಿಂಕೊ ಇರಬೇಕು. ಪತ್ರಿಕೆಯೋರು ತಪ್ಪು ಜಾಗದಲ್ಲಿ ಹಾಕಿದ್ದಾರೆ."

"ಮೊನ್ನೆ ಅವನ ಫೋನು ಹೊಡ್ಕೊಂಡಾಗ ಎತ್ತಿದ್ದು ನಾನೇ," ಎಂದಳು ಮಾಂಡಾ, ದನಿ ತಗ್ಗಿಸಿ. "ಹೆಂಗಸು. 'ವಿಂಕೊ, ಈ ಸಲ ಯಾವತ್ತು ಬರ್ತೀಯ?' ಅಂದ್ಲು. ಹೋಗ್ಬಿಟ್ಟ ಅಂದೆ. ಅತ್ಲು ಕಣೇ. ಚೆನ್ನಾಗೇ ಅತ್ಲು."

ಏವಿತ್ಸಾ ಪತ್ರಿಕೆಯನ್ನು ಮೊದಲಿದ್ದ ಹಾಗೆಯೇ ಮಡಿಸಿದಳು. ಸೆಪ್ಟೆಂಬರಿನಲ್ಲಿ ವಿಂಕೊ ಎಲ್ಲಿರುತ್ತಿದ್ದ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಗೆ ಟಿಕೆಟ್ ಹರಿದು ಕೊಡುತ್ತಿದ್ದವಳು ಅವಳೇ.

*

ಸಮುದ್ರದಿಂದ ದೂರದ ಪೊಜೆಗಾ ಊರಿನ ಬಸ್ ನಿಲ್ದಾಣದ ಎರಡನೇ ಕಿಟಕಿಯಲ್ಲಿ ಏವಿತ್ಸಾ ಮೂವತ್ತೊಂದು ವರ್ಷ ಕೂತವಳು. ಜುಲೈ ಬಂತೆಂದರೆ ಊರಿಗೆ ಊರೇ ಅವಳ ಮುಂದೆ ಸಾಲು ನಿಲ್ಲುತ್ತಿತ್ತು. ಮಕ್ಕಳು ಮನೆಯಿಂದಲೇ ಗಾಳಿ ತುಂಬಿಸಿಕೊಂಡು ಬಂದ ರಬ್ಬರ್ ಮೊಸಳೆಗಳನ್ನು ಕಂಕುಳಲ್ಲಿ ಹಿಡಿದು ನಿಂತಿರುತ್ತಿದ್ದವು. ಅವರಿಗೆಲ್ಲ ಸಮುದ್ರದ ಟಿಕೆಟ್ ಕೊಡುತ್ತಿದ್ದವಳು ಸಮುದ್ರ ನೋಡಿದ್ದು ಒಂದೇ ಸಲ, ಶಾಲೆಯವರು ಕರೆದುಕೊಂಡು ಹೋಗಿದ್ದಾಗ. ಆ ದಿನ ಮಂಜು ಕವಿದಿತ್ತು. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಮ್ಮನೆ ಅಲ್ಲ.

ಅದಕ್ಕೇ ಅವಳು ಯೋಜನೆ ಹಾಕತೊಡಗಿದ್ದು. ಚಳಿಗಾಲದ ಭಾನುವಾರಗಳಲ್ಲಿ, ಊಟವಾದ ಮೇಲೆ, ಅಡುಗೆಮನೆಯ ಮೇಜಿನ ಮೇಲೆ. ಉತ್ತರದ ತುದಿಯಿಂದ ದಕ್ಷಿಣದ ತುದಿಯವರೆಗೆ ಇಡೀ ಕರಾವಳಿ, ಹನ್ನೊಂದು ಊರು, ಏಳು ಹಡಗು. ಬಡವರು ಹೋಗುವ ಹಾಗೆ ಹೋಗಬೇಕು. ಸೆಪ್ಟೆಂಬರಿನಲ್ಲಿ ಹೋದರೆ ಜನಸಂದಣಿ ಇಳಿದಿರುತ್ತದೆ, ಹಡಗುಕಟ್ಟೆಯಲ್ಲಿ 'ಕೋಣೆ ಇದೆ' ಎಂಬ ರಟ್ಟು ಹಿಡಿದು ನಿಲ್ಲುವ ಮುದುಕಿಯರು ಕೇಳಿದ ಬೆಲೆಗೆ ಒಪ್ಪುತ್ತಾರೆ. ಯಾವ ಹಡಗಿನ ಅಟ್ಟದ ಮೇಲೆ ರಾತ್ರಿ ಮಲಗಬಹುದು, ಯಾವ ಮನೆಯಲ್ಲಿ ಒಲೆ ಬಳಸಲು ಬಿಡುತ್ತಾರೆ, ಬೇಯಿಸಿದ ಮೊಟ್ಟೆ ಎಷ್ಟು ದಿನ ಕೆಡದೆ ಇರುತ್ತದೆ, ಎಲ್ಲವೂ ಬರೆದಿತ್ತು. ಎಲ್ಲವೂ ಪೆನ್ಸಿಲ್‌ನಲ್ಲಿ.

ಅದು ನಿಲ್ದಾಣದ ಪಾಠ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹಳೆಯ ಮುಖ್ಯಸ್ಥ ಹೇಳಿದ್ದ: ಕೇಳಿ ತಿಳಿದ ಸಮಯವನ್ನು ಪೆನ್ಸಿಲ್‌ನಲ್ಲಿ ಬರಿ. ಗಾಡಿ ಹೊರಟಿದ್ದನ್ನು ಕಣ್ಣಾರೆ ಕಂಡ ಮೇಲೆ ಪೆನ್ನು ಮುಟ್ಟು.

ವಿಂಕೊ ಎದುರಿಗೆ ಕೂತು ಸೇಬಿನ ಸಿಪ್ಪೆ ಸುಲಿಯುತ್ತಿದ್ದ. "ಹಾಕು, ಹಾಕು. ಅದನ್ನೂ ಹಾಕು," ಎನ್ನುತ್ತಿದ್ದ. ಬೇಸಿಗೆ ಬಂದಾಗ ಮಾತ್ರ "ಮುಂದಿನ ವರ್ಷ ಕಣೇ" ಎನ್ನುತ್ತಿದ್ದ. ಒಂದು ವರ್ಷ ಮನೆಯ ಸೂರು, ಒಂದು ವರ್ಷ ಅವನ ತಾಯಿಯ ಕಾಯಿಲೆ. ಆಮೇಲೆ ಅವನ ಬೆನ್ನು ಹಿಡಿದುಕೊಂಡಿತು. ಪ್ರತಿ ಸೆಪ್ಟೆಂಬರಿನಲ್ಲಿ ಹದಿನಾಲ್ಕು ದಿನ ಬಿಸಿನೀರಿನ ಬುಗ್ಗೆಯ ಚಿಕಿತ್ಸೆ ಬೇಕೇ ಬೇಕಾಯಿತು. ಏವಿತ್ಸಾ ತಾನೇ ಟಿಕೆಟ್ ಕೊಟ್ಟು, ಕಿಟಕಿಯಿಂದ ಕೈ ಬೀಸುತ್ತಿದ್ದಳು. ಫೋನು ಮಾಡಬೇಡ, ಅಲ್ಲಿ ನೀರಲ್ಲೇ ಕೂರಿಸಿರುತ್ತಾರೆ ಎಂದಿದ್ದ, ಅವಳು ಮಾಡಲಿಲ್ಲ. ಅವನು ಕಪ್ಪಗಾಗಿ ಬರುತ್ತಿದ್ದ. ಗಂಧಕದ ನೀರು ಚರ್ಮವನ್ನು ಹಾಗೆ ಮಾಡುತ್ತದೆ ಎಂದಿದ್ದ. ಅವಳು ಅದನ್ನೂ ನಂಬಿ, ನೆರೆಯವರಿಗೆಲ್ಲ ಹೇಳಿ ಬಂದಿದ್ದಳು. ಅಲ್ಲಿನ ಸಂತೆಯಲ್ಲಿ ಸಿಕ್ಕಿತು ಎಂದು ಒಣ ಅಂಜೂರದ ಸರವೊಂದನ್ನು ತರುತ್ತಿದ್ದ. ಎರಡೆರಡು ಹಣ್ಣಿನ ನಡುವೆ ಒಂದು ಪಲಾವ್ ಎಲೆ, ತುದಿಯಲ್ಲಿ ಕೆಂಪು ಉಣ್ಣೆಯ ಗಂಟು. ಅದನ್ನವಳು ಕ್ರಿಸ್‌ಮಸ್ ತನಕ ಕಾಪಾಡಿಕೊಂಡು ತಿನ್ನುತ್ತಿದ್ದಳು.

ಒಂದು ಅಕ್ಟೋಬರಿನಲ್ಲಿ ನೋಟ್‌ಬುಕ್ಕು ತೆಗೆದಾಗ ಕೊನೆಯ ಪುಟದಲ್ಲಿ ಅವನ ಕೈಬರಹ ಕಂಡಿತು. ಸ್ಪ್ಲಿಟ್ ಬಂದರಿನಿಂದ ಲಾಸ್ಟೊವೊಗೆ ಹೋಗುವ ಹಡಗು ಮೂರೂಕಾಲಿಗೆ ಎಂದು ಅವಳು ಬರೆದಿದ್ದಳು. ಅವನು ಅದನ್ನು ನೀಲಿ ಪೆನ್ನಿನಲ್ಲಿ ಹೊಡೆದು ನಾಲ್ಕೂವರೆ ಎಂದು ಬರೆದಿದ್ದ.

"ಚಿಕಿತ್ಸೆಗೆ ಬಂದಿದ್ದ ಒಬ್ಬ ಸ್ಪ್ಲಿಟ್‌ನೋನು ಹೇಳ್ದ," ಎಂದ.

"ಹಾಗಾದ್ರೆ ಪೆನ್ಸಿಲ್‌ನಲ್ಲಿ ಬರೀಬೇಕು. ನಿಯಮ ಗೊತ್ತಿಲ್ವಾ?" ಎಂದು ಅವಳು ನಕ್ಕಿದ್ದಳು. ಅವನಿಗೂ ಆಸೆ ಇದೆ, ತನಗೆ ಗೊತ್ತಿಲ್ಲದೆ ವಿಚಾರಿಸುತ್ತಿದ್ದಾನೆ ಎಂದು ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಹಬ್ಬವಲ್ಲದಿದ್ದರೂ ಅವತ್ತು ಆಕ್ರೋಟು ತುಂಬಿದ ಸುರುಳಿ ರೊಟ್ಟಿ ಸುಟ್ಟಿದ್ದಳು.

*

ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಬಾಗಿಲಲ್ಲಿದ್ದ ಗುಸುಗುಸು ನಿಂತಿತು. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಮಾಂಡಾ ತೋಳೇರಿಸುವವಳ ಹಾಗೆ ಎದ್ದಳು. ಬೆಳಿಗ್ಗೆಯಿಂದ ಅವಳು ಯಾರ ಜುಟ್ಟು ಹಿಡಿಯಲು ಕಾದಿದ್ದಳೋ, ಆ ಪೆರಿನಾ ಒಳಗೆ ಬಂದಳು. ಹಿಡಿಯಷ್ಟು ಇದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಟ್ಟೆಯ ಚೀಲ. ಬೆನ್ನು ಬಾಗಿ ಬಾಗಿ ಶವಪೆಟ್ಟಿಗೆಯ ಅಂಚಿಗೆ ಅವಳ ಗಲ್ಲ ತಾಗುವಂತಿತ್ತು.

ಮಾಂಡಾ ಮತ್ತೆ ಕೂತಳು.

ಮುದುಕಿ ವಿಂಕೊನ ಹಣೆಯ ಮೇಲೆ ಶಿಲುಬೆಯ ಗುರುತು ಎಳೆದಳು. "ಇವನ ಹೆಂಡ್ತಿ ಯಾರು?"

"ನಾನೇ."

"ಅಯ್ಯೋ, ಗಟ್ಟಿಮುಟ್ಟಾಗೇ ಇದ್ದೀಯಲ್ಲ ತಂಗಿ. ನಾನು ಏನೇನೋ ಅಂದ್ಕೊಂಡಿದ್ದೆ. ಹಡಗು ಅಂದ್ರೇ ವಾಂತಿ, ಬಸ್ಸಲ್ಲಿ ಅರ್ಧ ಗಂಟೆ ಕೂರೋಕಾಗಲ್ಲ ಅಂತಿದ್ದ."

"ಯಾರಿಗೆ, ಇವಳಿಗಾ?" ಮಾಂಡಾಗೆ ತಡೆಯಲಾಗಲಿಲ್ಲ. "ಇವಳು ಆಯಸ್ಸೆಲ್ಲ ಬಸ್ ಸ್ಟ್ಯಾಂಡಲ್ಲೇ ಕಳೆದೋಳು."

ಪೆರಿನಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಏನೋ ಸರಿಯಿಲ್ಲ ಎಂದು ಅವಳಿಗೂ ಹೊಳೆದಂತಿತ್ತು.

"ಅಮ್ಮ, ನೀವು ಕೂತ್ಕೊಳ್ಳಿ," ಎಂದಳು ಏವಿತ್ಸಾ. ಟಿಕೆಟ್ ಕಿಟಕಿಯ ಹಿಂದೆ ಕೂತಾಗಿನ ಅದೇ ಸಮಾಧಾನದ ದನಿ. "ಅವರು ನಿಮ್ಮಲ್ಲಿಗೆ ಯಾರ ಜೊತೆ ಬರ್ತಿದ್ರು?"

"ಜೊತೆ ಎಲ್ಲಿಂದ ಬಂತು? ಒಬ್ಬನೇ. ಸೆಪ್ಟೆಂಬರ್ ಬಂದ್ರೆ ಬರೋನು, ಹದಿನಾಲ್ಕು ದಿನ ಇರೋನು. ಬೇರೆಯವರ ಹಾಗೆ ಕುಡಿಯೋದು, ಹಾಡೋದು, ಒಂದೂ ಇಲ್ಲ. ಬೆಳಿಗ್ಗೆ ಬ್ರೆಡ್ಡು, ಉಪ್ಪು ಮೀನು ಕಟ್ಕೊಂಡು ಹೋಗಿ ಕಲ್ಲಿನ ಮೇಲೆ ಕೂರೋನು."

"ಕೂತು?"

"ನೋಡೋನು."

"ಏನನ್ನ?"

"ಸಮುದ್ರ ತಂಗಿ. ಅಲ್ಲಿ ಇನ್ನೇನಿದೆ ನೋಡೋಕೆ?"

ಬಾಗಿಲಲ್ಲಿ ನಿಂತವರಿಗೆ ಇಷ್ಟು ಹೊತ್ತಿಗೆ ನಿರಾಸೆಯಾಗಿತ್ತು. ಒಬ್ಬಿಬ್ಬರು ಸಿಗರೇಟು ಸೇದಲು ಹೊರಗೆ ಹೋದರು.

"ಒಂದ್ಸಲ ನಾನೇ ಕೇಳ್ದೆ," ಎಂದಳು ಪೆರಿನಾ, ಸಮಾಧಾನ ಹೇಳುವವಳಂತೆ. "ಮಾತ್ರೆ ಕೊಟ್ಟಾದ್ರೂ ಕರ್ಕೊಂಡು ಬಾರಪ್ಪ ಅವಳನ್ನ ಅಂತ. ಅದಕ್ಕೆ ನಕ್ಕ. 'ಅವಳು ಬಂದ್ರೆ ಕೂರೋಕೆ ಬಿಡಲ್ಲಮ್ಮ, ಪಟ್ಟಿ ಹಿಡ್ಕೊಂಡು ಹಡಗಿಂದ ಹಡಗಿಗೆ ಓಡಿಸ್ತಾಳೆ' ಅಂದ. ವಾಂತಿ ಮಾಡ್ಕೊಳ್ಳೋಳು ಓಡಿಸೋದು ಹೇಗೆ ಅಂತ ನನಗೆ ಆಗ ಹೊಳೀಲೇ ಇಲ್ಲ ನೋಡು." ಮಾತು ಬಾಯಿಂದ ಬಿದ್ದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಚೀಲದೊಳಗೆ ಕೈ ಹಾಕಿ ತಡಕಾಡಿದಳು. "ಇದು ನಿನಗೆ. ಪ್ರತಿ ವರ್ಷ ಅವನ ಕೈಲಿ ಕಳಿಸ್ತಿದ್ನಲ್ಲ, ತಲುಪ್ತಿತ್ತು ತಾನೆ?"

ಅಂಜೂರದ ಸರ. ಎರಡೆರಡು ಹಣ್ಣಿನ ನಡುವೆ ಒಂದು ಪಲಾವ್ ಎಲೆ. ತುದಿಯಲ್ಲಿ ಕೆಂಪು ಉಣ್ಣೆಯ ಗಂಟು.

"ತಲುಪ್ತಿತ್ತು," ಎಂದಳು ಏವಿತ್ಸಾ.

ಅವಳು ಸರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಇನ್ನೊಬ್ಬಳಿದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಶಾಪ ಹಾಕಲು ಒಬ್ಬಳು ಸಿಗುತ್ತಿದ್ದಳು, ಊರಿನ ಹೆಂಗಸರೆಲ್ಲ ತನ್ನ ಕಡೆ ಇರುತ್ತಿದ್ದರು. ಇದಕ್ಕೆ ಯಾರನ್ನು ಬಯ್ಯುವುದು, ಸಮುದ್ರವನ್ನೇ? ತಾನು ಮೂವತ್ತು ಚಳಿಗಾಲ ಕೂತು ಹೆಣೆದ ದಾರಿಯಲ್ಲಿ ಅವನು ತನ್ನನ್ನು ಬಿಟ್ಟು ನಡೆದಿದ್ದ. ಹನ್ನೊಂದು ಊರಲ್ಲಿ ಕೊನೆಯದನ್ನು ಮಾತ್ರ ಆರಿಸಿಕೊಂಡು, ಅತಿ ಅಗ್ಗದ ಕೋಣೆಗಳಿರುವ ಊರೆಂದು ತಾನೇ ಅಡಿಗೆರೆ ಎಳೆದಿದ್ದಲ್ಲಿಗೆ ಹೋಗಿ, ಇಪ್ಪತ್ತೆರಡು ವರ್ಷ ನೆಮ್ಮದಿಯಾಗಿ ಕೂತಿದ್ದ. ಬಂದು ಎದುರಿಗೆ ಸೇಬು ಸುಲಿಯುತ್ತ "ಹಾಕು, ಹಾಕು" ಎಂದಿದ್ದ. ಬೆನ್ನುನೋವು ಎಂದವನು ಬೆನ್ನಿಗೇ ಚೂರಿ ಹಾಕಿದ್ದ. ಆ ಚೂರಿ ಕಣ್ಣೆದುರಿಗೇ ಇತ್ತು, ನೀಲಿ ಬಣ್ಣದ್ದು. ಕಣ್ಣಾರೆ ಕಂಡವರು ಮಾತ್ರ ಪೆನ್ನು ಮುಟ್ಟುತ್ತಾರೆ ಎಂದು ಊರಿಗೆಲ್ಲ ಪಾಠ ಹೇಳಿದವಳು, ಅದಕ್ಕೆ ರೊಟ್ಟಿ ಸುಟ್ಟು ಬಡಿಸಿದ್ದಳು. ಅದೊಂದೇ ನೆನಪು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

*

ಪಾದ್ರಿಗಳು ಬಂದರು. ಹಿಂದೆಯೇ ಇಬ್ಬರು ಆಳುಗಳು ಶವಪೆಟ್ಟಿಗೆಯ ಮುಚ್ಚಳ ಹಿಡಿದು ಬಂದರು.

"ಮುಚ್ಚೋಣವಾ ಏವಿತ್ಸಾ?" ಎಂದು ಪಾದ್ರಿಗಳು ಮೆಲ್ಲಗೆ ಕೇಳಿದರು.

"ಒಂದು ನಿಮಿಷ ಫಾದರ್."

ಅವಳು ಎದ್ದು ಹೋಗಿ ಗಂಡನ ಕೈಯ ಮೇಲೆ ಕೈ ಇಟ್ಟಳು. ಕೊನೆಯ ಸಲ ಮುಟ್ಟುತ್ತಿದ್ದಾಳೆ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಏವಿತ್ಸಾ ಅವನ ಹೆಬ್ಬೆರಳನ್ನು ಎತ್ತಿದಳು. ಆಮೇಲೆ ತೋರುಬೆರಳು, ಆಮೇಲೆ ನಡುಬೆರಳು. ಒಂದೊಂದನ್ನೂ ಬಿಡಿಸಬೇಕಾಯಿತು. ಜಪಮಣಿ ಜಾರಿ ಅವನ ಎದೆಯ ಮೇಲೆ ಬಿತ್ತು.

"ಏನೇ ಇದು? ಜನ ನೋಡ್ತಿದ್ದಾರೆ," ಎಂದಳು ಮಾಂಡಾ. "ಸತ್ತೋನ ಕೈಯಿಂದ ಕಿತ್ಕೋತಾರಾ?"

"ಅವರದ್ದು ಆಗಿಹೋಗಿದೆ ಅತ್ತಿಗೆ. ನನ್ನದೇ ಬಾಕಿ."

ನೋಟ್‌ಬುಕ್ಕು ಹೊರಗೆ ಬಂತು. ಖಾಲಿಯಾದ ಅಂಗೈಗಳ ಕೆಳಗೆ ಅವಳು ಏನನ್ನೂ ಇಡಲಿಲ್ಲ. ಅಂಜೂರದ ಸರವನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡು ಜಿಪ್ಪು ಎಳೆದಳು. ಬಿದ್ದ ಜಪಮಣಿಯನ್ನು ಪಾದ್ರಿಗಳೇ ಸರಿಮಾಡಿದರು. ಆಳುಗಳು ಮುಚ್ಚಳ ಹಾಕಿ ತಿರುಪು ಬಿಗಿದರು.

ಪಾದ್ರಿಗಳು ತೀರ್ಥ ಚಿಮುಕಿಸಲು ಕೈ ಎತ್ತಿದರು. ಆದರೆ ಏವಿತ್ಸಾ ಅಲ್ಲಿಂದ ಸರಿಯಲಿಲ್ಲ. ಕೊನೆಯ ಪುಟ ತೆರೆದು, ನೋಟ್‌ಬುಕ್ಕನ್ನು ಶವಪೆಟ್ಟಿಗೆಯ ಮುಚ್ಚಳದ ಮೇಲೆ ಇಟ್ಟಳು. ನಿಲ್ದಾಣದ ಮೇಜಿನಷ್ಟೇ ಎತ್ತರವಿತ್ತು, ಬರೆಯಲು ಸರಿಹೋಯಿತು.

"ಅಮ್ಮ, ಸ್ಪ್ಲಿಟ್‌ನಿಂದ ನಿಮ್ಮೂರಿಗೆ ಹಡಗು ನಾಲ್ಕೂವರೆಗೆ ತಾನೆ?"

ಪೆರಿನಾ ಪಾದ್ರಿಗಳ ಮುಖ ನೋಡಿದಳು, ಆಮೇಲೆ ಅವಳ ಮುಖ ನೋಡಿದಳು. "ಅದು ಹಳೇದು ತಂಗಿ. ಹೋದ ಬೇಸಿಗೆಯಿಂದ ಐದಕ್ಕೆ ಮಾಡಿದ್ದಾರೆ."

"ಐದು," ಎಂದಳು ಏವಿತ್ಸಾ.

ಅವಳು ವಿಂಕೊನ ನೀಲಿ ಅಕ್ಷರಗಳ ಮೇಲೆ ಅಡ್ಡಗೆರೆ ಎಳೆದಳು. ಕಾಗದ ಹರಿಯುವಷ್ಟು ಒತ್ತಿ ಎಳೆದಳು. ಅದರ ಪಕ್ಕದಲ್ಲಿ ಹೊಸ ಸಮಯ ಬರೆದಳು. ಕಣ್ಣಾರೆ ಕಂಡಿರಲಿಲ್ಲವಲ್ಲ, ಪೆನ್ಸಿಲ್‌ನಲ್ಲೇ ಬರೆದಳು.