ದೊಡ್ಡಕ್ಷರದ ಪುಸ್ತಕ

ಎಪ್ಪತ್ತು ದಾಟಿದ ಇನ್ನೂರ ಹನ್ನೆರಡು ಜನ. ತಿಂಗಳಿಗೊಮ್ಮೆ ಅಷ್ಟೂ ಜನರ ಮನೆಗೆ ಹೋಗಿ, ಬೆರಳು ಚುಚ್ಚಿ, ಸಕ್ಕರೆ ಅಳೆದು, "ತಲೆ ಸುತ್ತು ಬಂತಾ? ಎಲ್ಲಾದ್ರೂ ಬಿದ್ರಾ?" ಎಂದು ಕೇಳಿ ಬರೆದುಕೊಳ್ಳುವುದು ದೊಡ್ಡ ಡಾಕ್ಟರ ಸಕ್ಕರೆ ಕಾಯಿಲೆ ಸಂಶೋಧನೆಯಲ್ಲಿ ಆ ನರ್ಸಿನ ಕೆಲಸ. ಆರು ವರ್ಷ ಹೀಗೇ ಮೆಟ್ಟಿಲು ಹತ್ತಿಳಿದು ಆಕೆಯ ಮಂಡಿ ಸವೆದಿತ್ತು. ಆಕೆಗೆ ಸೂಜಿಯಮ್ಮ ಎಂದು ಹೆಸರಿಟ್ಟವರು ಅವರಲ್ಲೊಬ್ಬರಾದ ಟೈಲರ್ ತಾತ. "ಸೂಜಿ ಹಿಡಿಯೋದು ನನ್ನ ಕಸುಬು. ಅದನ್ನೇ ನನ್ನ ಮೇಲೆ ತಿರುಗಿಸಿಬಿಟ್ಯಲ್ಲಮ್ಮ!" ಎಂದು ಪ್ರತಿ ತಿಂಗಳೂ ಅದೇ ತಮಾಷೆ ಮಾಡುತ್ತಿದ್ದರು. ಆಕೆ ಪ್ರತಿ ತಿಂಗಳೂ ನಗುತ್ತಿದ್ದಳು.

ಸಹಿ ಹಾಕಿಸಿಕೊಂಡ ದಿನ ಒಪ್ಪಿಗೆ ಪತ್ರದ ಏಳನೆಯ ಸಾಲನ್ನು ಆಕೆ ಎಲ್ಲ ಮನೆಗಳಲ್ಲೂ ಎರಡೆರಡು ಸಲ ಓದಿದ್ದಳು: ಸಂಶೋಧನೆಯ ಫಲ ಎಲ್ಲರಿಗೂ ಮುಕ್ತವಾಗಿರುತ್ತದೆ. ಅದಕ್ಕೆ ತನ್ನದೂ ಒಂದು ಮಾತು ಸೇರಿಸಿದ್ದಳು, ಯಾರೂ ಹೇಳಿಕೊಟ್ಟದ್ದಲ್ಲ: "ನಮ್ಮ ಭಾಷೇಲಿ, ದೊಡ್ಡಕ್ಷರದಲ್ಲಿ ಪುಸ್ತಕ ಮಾಡಿ ನಾನೇ ತಂದುಕೊಡ್ತೀನಿ." ಸಹಿಗಳು ಬಿದ್ದದ್ದು ಆ ಮಾತಿಗೆ.

ಕೊನೆಗೂ ಫಲ ಬಂತು, ಇಂಗ್ಲಿಷಿನ ವೈದ್ಯ ಪತ್ರಿಕೆಯೊಂದರಲ್ಲಿ ಲೇಖನವಾಗಿ. ವಯಸ್ಸಾದವರ ಸಕ್ಕರೆಯನ್ನು ತೀರಾ ಬಿಗಿಯಾಗಿ ಇಳಿಸಲು ಹೊರಟರೆ ಅದು ತಳ ಮುಟ್ಟುತ್ತದೆ. ತಲೆ ತಿರುಗಿ ಬೀಳುತ್ತಾರೆ, ಸೊಂಟ ಮುರಿದುಕೊಳ್ಳುತ್ತಾರೆ. ಹಲವರಿಗೆ ಮಾತ್ರೆ ಕಡಿಮೆ ಮಾಡುವುದೇ ಒಳ್ಳೆಯದು, ವೈದ್ಯರನ್ನು ಕೇಳಬೇಕು. ಟೈಲರ್ ತಾತ ಬಚ್ಚಲಲ್ಲಿ ಎರಡು ಸಲ ಬಿದ್ದದ್ದೂ ಲೇಖನದ ಅಂಕಿಗಳಲ್ಲಿ ಸೇರಿತ್ತು.

ರಜೆಯ ದಿನಗಳಲ್ಲಿ ಕೂತು ಆಕೆ ಇಡೀ ಲೇಖನವನ್ನು ಅನುವಾದಿಸಿದಳು. ಕೋಷ್ಟಕಗಳನ್ನು ಸುಲಭ ಮಾಡಿದಳು. ಕಡಲೆಕಾಳಿನಷ್ಟು ದಪ್ಪ ಅಕ್ಷರದಲ್ಲಿ ಹದಿನಾರು ಪುಟವಾಯಿತು. ದೊಡ್ಡ ಡಾಕ್ಟರು ಪುಟ ತಿರುವಿ "ಭೇಷ್" ಎಂದಾಗ ಆಕೆಗೆ ಹಾಲು ಕುಡಿದಷ್ಟು ಸಂತೋಷ. ಅಚ್ಚಿಗೆ ಕೊಡುವ ಮುನ್ನ ಪತ್ರಿಕೆಯವರಿಗೆ ಒಂದು ಮಾತು ತಿಳಿಸೋಣವೆಂದು ಬರೆದಳು. ಉತ್ತರ ಬಂತು: ಲೇಖನವನ್ನು ಯಾರು ಬೇಕಾದರೂ ಓದಬಹುದು, ಇದ್ದಂತೆಯೇ ಹಂಚಬಹುದು, ಅನುವಾದಿಸಿಯಾಗಲಿ ಬದಲಿಸಿಯಾಗಲಿ ಹಂಚುವಂತಿಲ್ಲ. ಹಂಚಿಕೆಯ ಈ ಷರತ್ತನ್ನು, ಅಂದರೆ ಲೈಸೆನ್ಸನ್ನು, ಆರಿಸಿದವರು ಮುಖ್ಯ ಲೇಖಕರು.

ಮುಖ್ಯ ಲೇಖಕರೆಂದರೆ ದೊಡ್ಡ ಡಾಕ್ಟರೇ. ಆಕೆ ಪತ್ರ ಹಿಡಿದು ಅವರ ಕೋಣೆಗೆ ಓಡಿದಳು, ಪೆದ್ದಿ!

"ಸರ್, ಯಾರೋ ಕ್ಲರ್ಕು ಫಾರಂನಲ್ಲಿ ತಪ್ಪು ಕಡೆ ಟಿಕ್ ಹಾಕಿಬಿಟ್ಟಿದ್ದಾರೆ."

"ನಾನೇ ಹಾಕಿದ್ದು," ಎಂದರು ಅವರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ಕಂಡಕಂಡವರೆಲ್ಲ ತಿದ್ದಿದ್ರೆ ನನ್ನ ಹೆಸರು ಏನಾಗ್ಬೇಕು? ಔಷಧಿ ಕಂಪನಿಯವರಿಗೆ ಮಾತ್ರ ಬೇರೆ ಅನುಮತಿ ಕೊಟ್ಟಿದೀನಿ. ನೋಡು, ಎಷ್ಟು ಚೆನ್ನಾಗಿ ಮಾಡಿದ್ದಾರೆ."

ಮೇಜಿನ ಮೇಲೆ ಮಿರಿಮಿರಿ ಮಿಂಚುವ ಪುಸ್ತಕ. ನಮ್ಮದೇ ಭಾಷೆ, ದೊಡ್ಡಕ್ಷರ, ಮೊದಲ ಪುಟದಲ್ಲಿ ಡಾಕ್ಟರ ನಗುಮುಖ. ಆಕೆ ನಿಂತಲ್ಲೇ ಕೊನೆಯವರೆಗೆ ಓದಿದಳು. ನಡೆಯಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಮಾತ್ರೆ ಮರೆಯಬೇಡಿ. ಮಾತ್ರೆ ಕಡಿಮೆ ಮಾಡುವ ಬಗ್ಗೆ ಒಂದಕ್ಷರವಿಲ್ಲ. ಇರುತ್ತದೆಯೇ? ಮಾತ್ರೆ ಮಾರುವವರು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳುತ್ತಾರೆಯೇ?

"ಇದನ್ನೇ ಹಂಚಮ್ಮ. ದೊಡ್ಡಕ್ಷರ ತಾನೇ ನಿಂಗೆ ಬೇಕಾಗಿದ್ದು?" ಡಾಕ್ಟರು ನಕ್ಕು ಒಂದು ಕಟ್ಟು ಹಾಳೆ ಮುಂದಿಟ್ಟರು. "ಎರಡನೇ ಹಂತದ ಒಪ್ಪಿಗೆ ಪತ್ರ. ಹಾಗೇ ಸಹಿ ಹಾಕಿಸ್ಕೊಂಡು ಬಾ. ನೀನು ಹೇಳಿದ್ರೆ ಹಾಕ್ತಾರೆ."

ಬಾಯಿ ಬೆಲ್ಲ, ಕರುಳು ಕತ್ತರಿ. ಆರು ವರ್ಷ ಈ ಮನುಷ್ಯ ಬಳಸಿಕೊಂಡದ್ದು ತನ್ನ ಕಾಲನ್ನಲ್ಲ, ತನ್ನ ನಾಲಿಗೆಯನ್ನು ಎಂದು ಆಕೆಗೆ ಆಗ ಹೊಳೆಯಿತು. ಆದರೂ ಹಾಳೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ಆರು ವರ್ಷದ ಅಭ್ಯಾಸ.

ಟೈಲರ್ ತಾತ ಕನ್ನಡಕ ಒರೆಸಿಕೊಂಡು ಕಾಯುತ್ತಿದ್ದರು. "ಬಂತಾ ನನ್ನ ಪುಸ್ತಕ?"

ಆಕೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಮಾತ್ರೆಯ ವಿಷಯ ಬಿಡಿಸಿ ಹೇಳಿ, ನಾಳೆಯೇ ನಿಮ್ಮ ಡಾಕ್ಟರನ್ನು ಕೇಳಿ ಎಂದಳು. ಬಾಯಿಮಾತಿಗೆ ಇನ್ನೂ ಯಾರೂ ಲೈಸೆನ್ಸ್ ಹಾಕಿಲ್ಲವಲ್ಲ.

"ನಂಗೆ ಹೇಳಿದೆ. ಬೇರೆ ಊರಿನೋರಿಗೆ?" ಎಂದರು ತಾತ.

"ಡಾಕ್ಟ್ರು ನಂಗೂ ಮೋಸ ಮಾಡಿದ್ರು ತಾತ."

"ಆ ಡಾಕ್ಟ್ರ ಮುಖಾನೇ ನಾನು ನೋಡಿಲ್ಲಮ್ಮ. ನಾನು ಬೆರಳು ಕೊಟ್ಟಿದ್ದು ನಿಂಗೆ."

ಆ ಮಾತು ಆಕೆಗೆ ನಾಟಿತು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ತಾತ ಚೀಲದಿಂದ ಇಣುಕುತ್ತಿದ್ದ ಹೊಸ ಹಾಳೆಯನ್ನು ನೋಡಿದರು. ಜೇಬಿನಿಂದ ಪೆನ್ನು ತೆಗೆದರು.

"ಇದು ಹೊಸದಾ? ನೀನು ಹಾಕು ಅಂದ್ರೆ ಈಗ್ಲೂ ಹಾಕ್ತೀನಿ. ಹೇಳು."

"ಬೇಡ ತಾತ," ಎಂದಳು.

ಉಳಿದ ಇನ್ನೂರ ಹನ್ನೊಂದು ಮನೆಗಳಲ್ಲೂ ಆಕೆ ಅದನ್ನೇ ಹೇಳಿದಳು.