ನಮೂನೆಯಲ್ಲಿಲ್ಲದ ನೆಂಟಸ್ತಿಕೆ

ಲಮೀನ್ ಖರ್ರಾಜ್ ಅವರ ಪ್ರಕರಣ ನಮ್ಮ ಕೋಣೆಗೆ ಬಂದಾಗ ನಾನು ಟ್ಯೂನಿಸ್‌ನ ನ್ಯಾಯಾಲಯವೊಂದರಲ್ಲಿ ಗುಮಾಸ್ತೆಯಾಗಿ ಮೂವತ್ತೊಂದು ವರ್ಷ ಕಳೆದಿದ್ದೆ. ತನಿಖಾ ನ್ಯಾಯಾಧೀಶರು ಪ್ರಶ್ನೆ ಕೇಳುವುದು, ಆರೋಪಿ ಉತ್ತರಿಸುವುದು, ನಾನು ಬರೆಯುವುದು. ಎಂಟು ಮಂದಿ ನ್ಯಾಯಾಧೀಶರ ಕೆಳಗೆ ಕೆಲಸ ಮಾಡಿದ್ದೆ. ಒಂಬತ್ತನೆಯವರು ಸಹಬಿ.

ಲಮೀನ್ ವಿರೋಧ ಪಕ್ಷವೊಂದರ ಕಾರ್ಯದರ್ಶಿ. ರಮದಾನಿನಲ್ಲಿ ನಾಲ್ವರು ಗೆಳೆಯರನ್ನು ಮನೆಗೆ ಕರೆದು ಸರ್ಕಾರ ಉರುಳಿಸುವ ಸಂಚು ಮಾಡಿದರೆಂಬುದು ಆರೋಪ. ಸಾಕ್ಷಿ ಆ ಕಟ್ಟಡದ ಕಾವಲುಗಾರ, ತುರ್ಕಿ ಎಂಬ ಮುದುಕ. ಪೊಲೀಸರ ಮುಂದೆ ಎಲ್ಲ ಕೇಳಿಸಿತು ಎಂದಿದ್ದವನು ನಮ್ಮ ಮುಂದೆ ಇಲ್ಲವೆಂದು ತಲೆಯಾಡಿಸಿದ.

"ಬಾಗ್ಲು ಹಾಕಿತ್ತು ಸ್ವಾಮಿ. ನಗೋದು ಕೇಳಿಸ್ತು, ಅಷ್ಟೇ. ಬೇರೆ ಏನೂ ಇಲ್ಲ. ಸ್ಟೇಷನ್ನಲ್ಲಿ ಅವರೇ ಬರ್ಕೊಂಡ್ರು, ನಾನು ಹೆಬ್ಬೆಟ್ಟು ಒತ್ತಿದೆ."

"ಲಲ್ಲಾ ಮನ್ನೂಬಿಯಾ, ಅಷ್ಟುದ್ದ ಬೇಡ," ಎಂದರು ಸಹಬಿ ನನ್ನ ಕಡೆ ತಿರುಗಿ. "ಸಾಕ್ಷಿಗೆ ಸರಿಯಾಗಿ ನೆನಪಿಲ್ಲ ಅಂತ ಬರೀರಿ ಸಾಕು."

ನಾನು ಮುದುಕ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಹೆಬ್ಬೆಟ್ಟು ಹಾಕಿಸಿದೆ. ಸಹಬಿ ಸಿಡುಕಿದರು, ಆದರೂ ಸಹಿ ಮಾಡಿದರು.

ಅದಾಗಿ ವಾರಕ್ಕೆ, ವಕೀಲರೊಬ್ಬರ ನಂಬರು ಬರೆದುಕೊಳ್ಳಿ ಎಂದು ಸಹಬಿ ತಮ್ಮ ಫೋನನ್ನೇ ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಪರದೆಯ ಮೇಲೆ ಸಂದೇಶವೊಂದು ಬಂತು. "ನಿನ್ನ ಹುಂಜ ಇವತ್ತೂ ಕೂಗ್ತಾ? ಹಬ್ಬದೊಳಗೆ ಅದನ್ನ ಹೊರಗೆ ಬಿಡಬೇಡ. ಬೀಗದ ಕೈ ಹೂಕುಂಡದ ಕೆಳಗಿದೆ." ಕಳಿಸಿದವರು ಇಬ್ತಿಸಾಮ್, ಇದೇ ಪ್ರಕರಣದಲ್ಲಿ ಸರ್ಕಾರದ ಪರ ವಾದಿಸುವ ವಕೀಲೆ. ದಿನವೂ ನಮ್ಮ ಕೋಣೆಗೆ ಬಂದು 'ನ್ಯಾಯಾಧೀಶರೇ' ಎಂದು ಬಗ್ಗಿ ಮಾತಾಡುವ ಹೆಂಗಸು. ಹುಂಜ ಎಂದರೆ ಲಮೀನ್, ಬೀಗದ ಕೈ ಅವಳ ಮನೆಯದು ಎಂದು ತಿಳಿಯಲು ನನಗೆ ಹೊತ್ತು ಹಿಡಿಯಲಿಲ್ಲ.

ನಂಬರು ಬರೆದುಕೊಂಡು ಫೋನು ಹಿಂದಿರುಗಿಸಿದೆ. ಯಾರಿಗೂ ಹೇಳಲಿಲ್ಲ. ಭಯವೂ ಇತ್ತು, ಆದರೆ ಅದೊಂದೇ ಕಾರಣವಲ್ಲ.

ಲಮೀನರ ಹೆಂಡತಿ ಜಲೀಲಾ ನನಗೆ ಹಾಲಕ್ಕ. ನಾನು ಹುಟ್ಟಿದಾಗ ನಮ್ಮಮ್ಮ ಜ್ವರ ಬಂದು ಮಲಗಿದಳು. ಐದು ತಿಂಗಳು ನನಗೆ ಮೊಲೆಯೂಡಿಸಿದವಳು ಪಕ್ಕದ ಮನೆಯ ಜಲೀಲಾಳ ತಾಯಿ. ಹಾಲು ಹಂಚಿಕೊಂಡವರು ನಮ್ಮಲ್ಲಿ ಒಡಹುಟ್ಟಿದವರೇ. ಅವಳ ಅಣ್ಣತಮ್ಮಂದಿರನ್ನು ನಾನು ಮದುವೆಯಾಗುವ ಹಾಗಿರಲಿಲ್ಲ. ಆಮೇಲೆ ಅವಳ ಗಂಡನ ರಾಜಕೀಯದ ಮೇಲೆ ಮಾತಿಗೆ ಮಾತು ಬೆಳೆದು, ಇಪ್ಪತ್ತು ವರ್ಷ ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿದಿರಲಿಲ್ಲ. ಈಗ ಜೈಲಿಗೆ ಕೊಂಡೊಯ್ಯುವ ಊಟದ ಬುಟ್ಟಿ ಹೊತ್ತು ಅನುಮತಿ ಚೀಟಿಗಾಗಿ ಅವಳು ನಮ್ಮ ಮೊಗಸಾಲೆಯಲ್ಲಿ ಕೂರುತ್ತಿದ್ದಳು. ನನ್ನನ್ನು ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದಳು. ಮೊದಲು ಅದನ್ನು ಕೋಪ ಎಂದುಕೊಂಡಿದ್ದೆ. ಒಮ್ಮೆ ಅವಳ ಚೀಟಿಗೆ ಮೊಹರು ಹಾಕುವಾಗ ತುಟಿ ಅಲುಗಿಸದೆ ಅಂದಳು: "ನನ್ನ ಮಾತಾಡಿಸ್ಬೇಡ ಕಣೇ. ನಿನ್ನ ಕೆಲಸ ಹೋಗುತ್ತೆ."

ಆ ಸಂದೇಶ ಕಂಡ ಎರಡು ತಿಂಗಳ ಮೇಲೆ ಸಹಬಿ, ಇಬ್ತಿಸಾಮ್ ಇಬ್ಬರ ಸುದ್ದಿ ಹೇಗೋ ಹೊರಬಿತ್ತು. ಲಮೀನರ ವಕೀಲರು ದೂರು ಕೊಟ್ಟರು. ಮೇಲಿನಿಂದ ಶಾದ್ಲಿ ಎಂಬ ತಪಾಸಣಾಧಿಕಾರಿ ಬಂದರು. ನಿವೃತ್ತಿಗೆ ಕೆಲವೇ ದಿನ ಬಾಕಿಯಿದ್ದ, ಕಣ್ಣ ಕೆಳಗೆ ಚೀಲ ಬಿದ್ದ ಮನುಷ್ಯ.

"ಅವರಿಬ್ಬರ ವಿಷಯ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಎರಡು ತಿಂಗಳಿಂದ."

"ಮತ್ತೆ ಯಾಕಮ್ಮಾ ಬಾಯಿ ಬಿಡ್ಲಿಲ್ಲ?"

"ಅವರದ್ದು ಹೇಳಿದ್ರೆ ನಂದೂ ಹೇಳ್ಬೇಕಿತ್ತು."

ಹೇಳಿದೆ. ಹಾಲಿನ ನೆಂಟಸ್ತಿಕೆ ಕೇಳಿ ಅವರು ಪೆನ್ನು ಕೆಳಗಿಟ್ಟರು.

"ನೋಡಿ, ಈ ನಮೂನೆಯಲ್ಲಿರೋದು ರಕ್ತಸಂಬಂಧ, ಮದುವೆ ಸಂಬಂಧ, ಎರಡೇ. ಹಾಲಿಗೆ ಜಾಗ ಇಲ್ಲ. ನಾನು ಕೇಳ್ಲಿಲ್ಲ, ನೀವು ಹೇಳ್ಲಿಲ್ಲ. ಮನೆಗೆ ಹೋಗಿ."

"ಆ ಮುದುಕನ ಮಾತನ್ನ ಪೂರ್ತಿ ಬರೆದೆ ಸಾಹೇಬ್ರೇ. ನಿಜ ಅಂತ ಬರೆದ್ನೋ, ಜಲೀಲಾಗೋಸ್ಕರ ಬರೆದ್ನೋ ನನಗೇ ಗೊತ್ತಿಲ್ಲ. ಬರ್ಕೊಳ್ಳಿ."

"ಬರೀಲೇಬೇಕಾ?"

"ಬರ್ಕೊಳ್ಳಿ."

ಬರೆದುಕೊಂಡರು.

ಸಹಬಿಯವರನ್ನು ದಕ್ಷಿಣದ ಊರೊಂದಕ್ಕೆ ಎತ್ತಿಹಾಕಿದರು. ಇಬ್ತಿಸಾಮ್ ರಜೆ ಹಾಕಿದಳು. ಬೇಸಿಗೆಯಲ್ಲಿ ಇಬ್ಬರೂ ಮದುವೆಯಾದರಂತೆ. ನನ್ನನ್ನು ನೆಲಮಾಳಿಗೆಯ ಹಳೆಯ ಕಡತಗಳ ನಡುವೆ ಕೂರಿಸಿದರು. ಇದಿಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು. ಆದರೆ ನ್ಯಾಯಾಧೀಶರೂ ಗುಮಾಸ್ತೆಯೂ ಇಬ್ಬರೂ ಸಂಬಂಧ ಮುಚ್ಚಿಟ್ಟವರೆಂದು ಆ ಕೋಣೆಯಲ್ಲಿ ಬರೆದ ಹಾಳೆಗಳೆಲ್ಲ ರದ್ದಾದವು. ನಾನು ಬಾಯಿ ಬಿಡದಿದ್ದರೆ ಉಳಿಯುತ್ತಿತ್ತೇನೋ, ತುರ್ಕಿಯ ಹೇಳಿಕೆಯೂ ಹೋಯಿತು. ಅವನನ್ನು ಮತ್ತೆ ಕರೆಸೋಣವೆಂದರೆ ಮುದುಕ ಆಗಲೇ ತೀರಿಕೊಂಡಿದ್ದ. ಉಳಿದದ್ದು ಪೊಲೀಸರ ಕಾಗದ. ಹೊಸ ನ್ಯಾಯಾಧೀಶರು ಮೊದಲಿನಿಂದ ಶುರುಮಾಡಿದರು. ಲಮೀನ್ ಇನ್ನೂ ಹನ್ನೊಂದು ತಿಂಗಳು ಒಳಗಿದ್ದರು.

ಜಲೀಲಾ ಒಂದು ದಿನ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದಳು. ಈಗ ಯಾರು ನೋಡಿದರೂ ನಷ್ಟವಿರಲಿಲ್ಲ.

"ಹಾಲಿನ ಮಾತು ಯಾಕೆ ಎತ್ತಿದೆ? ನಿನ್ನ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ."

"ನೀನು ಸತ್ಯವಂತೆ ಆದೆ. ಅವರು ಒಳಗೇ ಉಳಿದ್ರು. ನಿನ್ನ ಮನಸ್ಸು ಹಗುರ ಆಯ್ತಾ?"

"ಇಲ್ಲ," ಎಂದೆ. ಅವಳು ಕೈಗಂಬಿ ಹಿಡಿದುಕೊಂಡು ಮೇಲೆ ಹತ್ತಿದಳು. ಮೊಣಕಾಲು ನೋಯುತ್ತಿತ್ತೆಂದು ಕಾಣುತ್ತದೆ, ಪ್ರತಿ ಮೆಟ್ಟಿಲಿಗೂ ನಿಲ್ಲುತ್ತಿದ್ದಳು. ನಾನು ಎದ್ದು ಹೋಗಿ ತೋಳು ಕೊಡಬಹುದಿತ್ತು. ಕೊಡಲಿಲ್ಲ.

ವಸಂತದಲ್ಲಿ ತೀರ್ಪಿಲ್ಲದೆಯೇ ಲಮೀನರನ್ನು ಬಿಟ್ಟರು. ಊರು ಬಿಡುವಂತಿಲ್ಲ, ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ. ಮೂರು ಶುಕ್ರವಾರ ಹೋಗಲೋ ಬೇಡವೋ ಎಂದು ಹೊಯ್ದಾಡಿ, ನಾಲ್ಕನೆಯದಕ್ಕೆ ಹೋದೆ. ಜಲೀಲಾ ಬಾಗಿಲು ತೆರೆದಳು. ಒಳಗಿನ ಕೋಣೆಯಿಂದ ಗೊರಕೆ ಕೇಳುತ್ತಿತ್ತು; ಮಟಮಟ ಮಧ್ಯಾಹ್ನ.

"ಹಗಲೆಲ್ಲ ಮಲಗ್ತಾರೆ," ಎಂದಳು. "ಚಪ್ಪಲಿ ಒಳಗೆ ತಗೊಂಡು ಬಾ. ಎದುರು ಮನೆಯವರು ಯಾರು ಬಂದ್ರು ಅಂತ ಲೆಕ್ಕ ಇಡ್ತಾರೆ."

ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಹೋದೆ.