ಮುರುಗಲು ನೀರು

ಕಂಪೌಂಡರ್ ಮಾಬ್ಲೇಶ್ವರ ಅಂದರೆ ಆಗ ಕುಮಟೆಯಲ್ಲಿ ಅರ್ಧ ಡಾಕ್ಟರ್ ಇದ್ದಂತೆ. ಜನ ಹಾಗೆ ಹೇಳುತ್ತಿದ್ದರು, ನಾನೂ ಅಲ್ಲ ಅನ್ನುತ್ತಿರಲಿಲ್ಲ. ಅರ್ಧ ಕಲಿತವನ ಅಬ್ಬರ ಹೆಚ್ಚು ಎಂಬ ಗಾದೆಯನ್ನು ನನ್ನಂಥವನನ್ನು ನೋಡಿಯೇ ಯಾರೋ ಮಾಡಿರಬೇಕು.

ಅರವತ್ತೈದನೇ ಇಸವಿಯಲ್ಲಿ ಕಾಲರಾ ಬಂತು. ಎಲ್ಲೋ ದೂರದ ದ್ವೀಪಗಳಲ್ಲಿ ಎದ್ದು, ದೇಶದಿಂದ ದೇಶಕ್ಕೆ ಹಬ್ಬಿ, ಕೊನೆಗೆ ನಮ್ಮ ಹೊಳೆದಡದ ಕೇರಿಗೂ ಇಳಿಯಿತು. ಖಾಲಿ ಬಿದ್ದಿದ್ದ ಹಂಚಿನ ಗೋದಾಮೊಂದರಲ್ಲಿ ರೋಗಿಗಳನ್ನು ಮಲಗಿಸಿದೆವು. ವಾಂತಿ ಭೇದಿ ಬಳಿದು ನೆಲ ತೊಳೆಯಲು ಯಾರನ್ನು ಕರೆದರೂ ಬರಲಿಲ್ಲ. ಬಂದವಳು ದುರ್ಗಿ ಒಬ್ಬಳೇ. ಹಾಲಕ್ಕಿ ಒಕ್ಕಲಿಗರ ಕೇರಿಯವಳು, ಕೊಪ್ಪ ಅನ್ನುತ್ತಾರೆ ಅದಕ್ಕೆ; ಗಂಡ ಸತ್ತಿದ್ದ, ಮನೆಯಲ್ಲಿ ಮದುವೆಗೆ ಬೆಳೆದ ಮಗಳು ಕಾಳಿ ಇದ್ದಳು.

ದುರ್ಗಿ ನೆಲ ಉಜ್ಜುತ್ತ ಹಾಡುತ್ತಿದ್ದಳು. ಅಕ್ಕಿ ಆರಿಸುವುದಕ್ಕೊಂದು, ಅರಿಶಿನ ಹಚ್ಚುವುದಕ್ಕೊಂದು, ಎಲ್ಲ ಮದುವೆ ಹಾಡುಗಳೇ. ಹೆಣ್ಣು ಒಪ್ಪಿಸುವ ಹಾಡಂತೂ ಸುತ್ತಲಿನ ಕೊಪ್ಪಗಳಲ್ಲಿ ಪೂರ್ತಿ ಬರುತ್ತಿದ್ದದ್ದು ಅವಳಿಗೊಬ್ಬಳಿಗೇ. ಸಾಯುವವರೂ ಕಣ್ಣು ತೆರೆದು ಕೇಳುತ್ತಿದ್ದರು.

"ಎಂತಾ ಮಾಡೂದು ಒಡ್ಯಾ, ಅವ್ವಿ ಬಾಯಿಂದ ಬಂದದ್ದು. ಬರೂ ವರ್ಷ ಕಾಳಿ ಮದ್ವಿ. ಅದ್ರೊಳಗೆ ಅವ್ಳಿಗೆ ಎಲ್ಲಾ ಕಲಿಸ್ಬೇಕು" ಎನ್ನುತ್ತಿದ್ದಳು.

ಅವಳಿಗೆ ಬ್ಲೀಚಿಂಗ್ ಪೌಡರ್ ಕಲಸಿಕೊಡುವುದು ನನ್ನ ಕೆಲಸ. ಎಷ್ಟು ನೀರಿಗೆ ಎಷ್ಟು ಎಂದು ಡಾಕ್ಟರು ಹೇಳಿದ್ದರು. ನಾನು ಅದರ ಮೂರು ಪಟ್ಟು ಸುರಿಯುತ್ತಿದ್ದೆ. "ಮೂಗು ಉರೀಬೇಕು ದುರ್ಗಿ, ಆಗ್ಲೇ ರೋಗ ಸಾಯೂದು" ಎಂದು ಉಪದೇಶ ಬೇರೆ. ತಿಂಗಳೊಳಗೆ ಅವಳ ಅಂಗೈ ಬೆಳ್ಳಗಾಗಿ ಬಿರಿಯಿತು, ಕಣ್ಣು ಕೆಂಪಾಯಿತು, ಹಾಡಿನ ನಡುವೆ ಕೆಮ್ಮು ಬರತೊಡಗಿತು. ನಾನು ಕೆಂಪು ಔಷಧಿ ಕೊಟ್ಟು ಕಳಿಸುತ್ತಿದ್ದೆ.

ಒಂದು ದಿನ ಮೇಲಿನ ಸಾಹೇಬರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಕುಡಿಯುವ ನೀರಿನ ತಾಮ್ರದ ಹಂಡೆ ಕಿಲುಬು ಹಿಡಿದು ಹಸಿರಾಗಿತ್ತು.

"ಮುರುಗಲು ಹಣ್ಣಿನ ಸಿಪ್ಪೆ ನೆನಸಿದ ಹುಳಿನೀರು ಹಾಕಿ ತಿಕ್ಕಿದ್ರೆ ಫಳಫಳ ಆಗ್ತದೆ ಒಡ್ಯಾ" ಅಂದಳು ದುರ್ಗಿ. ನಮ್ಮ ಕಡೆ ಯಾವ ಮನೆಯ ಹೆಂಗಸನ್ನು ಕೇಳಿದರೂ ಅದನ್ನೇ ಹೇಳುತ್ತಾಳೆ.

"ಭೇಷ್! ಪೌಡರೂ ಸೇರ್ಸು, ರೋಗವೂ ಹೋಗ್ತದೆ" ಎಂದೆ ನಾನು, ಮಹಾ ಬುದ್ಧಿವಂತ. ನೊಣ ಬರುತ್ತದೆಂದು ನೀರಿನ ಕೋಣೆಯ ಕಿಟಕಿಯನ್ನು ನಾನೇ ಮುಚ್ಚಿಸಿದ್ದೆ. ಅವಳು ಹಂಡೆಗೆ ಪೌಡರ್ ಸುರಿದು, ಒಳಗೆ ತಲೆ ಬಗ್ಗಿಸಿ, ಮೇಲಿಂದ ಹುಳಿನೀರು ಹೊಯ್ದಳು. ಹಳದಿ ಹೊಗೆ ಎದ್ದಿತು. ಹಾಡು ಅಲ್ಲಿಗೇ ನಿಂತಿತು. ನಾನು ಓಡಿಹೋಗಿ ನೋಡುವಾಗ ದುರ್ಗಿ ಹೊಸ್ತಿಲ ಮೇಲೆ ಬಿದ್ದು ಗಂಟಲು ಹಿಡಿದುಕೊಂಡು ಹೊರಳುತ್ತಿದ್ದಳು. ಜೀವ ಉಳಿಯಿತು, ಆದರೆ ಉಸಿರು ಸರಿಯಾಗಲಿಲ್ಲ, ದನಿ ದಿನದಿಂದ ದಿನಕ್ಕೆ ಕುಗ್ಗುತ್ತ ಹೋಯಿತು.

ಮಾರನೇ ದಿನ ಡಬ್ಬಿಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಮೊದಲ ಸಲ ಓದಿದೆ. ಹುಳಿ ಪದಾರ್ಥ ತಾಗಿಸಬಾರದು, ವಿಷದ ಗಾಳಿ ಏಳುತ್ತದೆ ಎಂದಿತ್ತು. ಎರಡು ತಿಂಗಳಿಂದ ಆ ಡಬ್ಬಿ ನನ್ನ ಮೇಜಿನ ಪಕ್ಕದಲ್ಲೇ ಇತ್ತು. ಡಾಕ್ಟರು ಏನಾಯಿತೆಂದು ಕೇಳಿದಾಗ, "ಅವಳಿಗೆ ಮೊದಲಿಂದಲೂ ಉಬ್ಬಸ" ಎಂದೆ. ರೋಗಿಗಳ ದಾಖಲೆ ಪುಸ್ತಕದಲ್ಲೂ ಹಾಗೇ ಬರೆದೆ. ಕೆಲಸ ಹೋದೀತೆಂಬ ಹೆದರಿಕೆ. ನಾಚಿಕೆಗೆಟ್ಟವನು ನಾನು.

ಕೊಪ್ಪದ ಮುದುಕಿ ನಾಗಮ್ಮ ತನ್ನದೇ ಕಾರಣ ಹುಡುಕಿದಳು. ಹೆಣ ಬೀಳುವಲ್ಲಿ ಮದುವೆ ಹಾಡು ಹೇಳಿದ್ದಕ್ಕೆ ದೇವರು ಉಸಿರು ಕಿತ್ತುಕೊಂಡ ಎಂದಳು. ದುರ್ಗಿ ಅದನ್ನೇ ನಂಬಿದಳು. ಸುದ್ದಿ ನನ್ನ ಕಿವಿಗೂ ಬಿತ್ತು. ನಿಜ ಹೇಳಿದರೆ ದೇವರ ಜಾಗದಲ್ಲಿ ನಾನು ನಿಲ್ಲಬೇಕಿತ್ತು, ಅದಕ್ಕೇ ಸುಮ್ಮನಿದ್ದೆ.

ಮರುವರ್ಷ ಕಾಳಿಯ ಮದುವೆಗೆ ನನ್ನನ್ನೂ ಕರೆದರು. ಹೋದಾಗ ದುರ್ಗಿ ಚಪ್ಪರದ ಹೊರಗೆ, ಬಾವಿಯ ಬಳಿ ಒಬ್ಬಳೇ ಕೂತಿದ್ದಳು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಎದೆಯಲ್ಲಿ ಸಿಳ್ಳೆ ಹಾಕಿದಂತೆ ಸದ್ದು. ಮಾತು ಬರೀ ಪಿಸುದನಿ.

"ಇಲ್ಲೆಂತಕ್ಕೆ ಕೂತದ್ದು?"

"ನನ್ ಪಾಪದ ನೆರ್ಳು ಮಗ್ಳ ಮೇಲೆ ಬೀಳೂದು ಬ್ಯಾಡ ಒಡ್ಯಾ."

ಆಗ ನನಗೆ ತಡೆಯಲಾಗಲಿಲ್ಲ. ಪೌಡರು, ಹುಳಿ, ಡಬ್ಬಿಯ ಮೇಲಿನ ಬರಹ, ಪುಸ್ತಕದ ಸುಳ್ಳು, ಎಲ್ಲ ಹೇಳಿಬಿಟ್ಟೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅವಳು ನನ್ನ ಕಡೆ ತಿರುಗಿದಳು.

"ನಿಮ್ಗೆ ಯಾವಾಗ ಗೊತ್ತಾತು?"

"ಮಾರನೇ ದಿನ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಚೌತಿವರೆಗೂ ಹಾಡೂಕೆ ಚೂರು ದನಿ ಇತ್ತು ಒಡ್ಯಾ. ಕಾಳಿ ದಿನಾ ಕಲ್ಸು ಕಲ್ಸು ಅಂತಿತ್ತು. ನನ್ ಶಾಪ ಅದ್ಕೂ ತಾಗ್ತದೆ ಅಂತ ಹೆದ್ರಿ ಬಾಯಿ ಬಿಡ್ಲಿಲ್ಲ."

ಅಷ್ಟರಲ್ಲಿ ಚಪ್ಪರದಲ್ಲಿ ಹೆಣ್ಣು ಒಪ್ಪಿಸುವ ಹೊತ್ತಾಯಿತು. ಹೆಂಗಸರು ಹಾಡು ಎತ್ತಿದರು. ಎರಡು ಸಾಲು ಆಯಿತು, ಮುಂದಿನದು ಯಾರಿಗೂ ಬರಲಿಲ್ಲ. ದುರ್ಗಿ ಬಾವಿಕಟ್ಟೆ ಹಿಡಿದು ಎದ್ದಳು. ಇಡೀ ವರ್ಷದಲ್ಲಿ ಮೊದಲ ಸಲ ಹೆದರಿಕೆಯಿಲ್ಲದೆ ಒಳಗೆ ಹೋದಳು. ಮಗಳ ಕೈ ಹಿಡಿದು ಬಾಯಿ ತೆರೆದಳು.

ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದಳು, ಕೆಮ್ಮು ಬಂತು. ಕಾಳಿ ತಾಯಿಯ ತುಟಿಗೆ ಕಿವಿಯಿಟ್ಟು, ಒಂದು ಮಾತಾದರೂ ಸಿಕ್ಕೀತೆಂದು ಕಾದಳು. ಗಂಡಿನ ಕಡೆಯವರು ಯಾರೋ "ಹೊತ್ತಾತು" ಅಂದರು.

ಹಾಡಿಲ್ಲದೆ ಹೆಣ್ಣು ಒಪ್ಪಿಸಿದರು.